ನಲವತ್ತೆಂಟು ಮನೆಗಳ ಹಾಳೆ: ನಿವೃತ್ತ ದಂಪತಿಯ ಒಂದು ವಾರದ ಲೆಕ್ಕ

ಇಂದು ನಿಮ್ಮ ಮುಂದೆ ನಾನು ಇಡುತ್ತಿರುವುದು ಒಂದು ವಾರದ ಲೆಕ್ಕ. ಕಳೆದ ನವೆಂಬರ್ ತಿಂಗಳ ಎರಡನೆಯ ವಾರದಲ್ಲಿ, ಸೋಮವಾರ ಬೆಳಗಿನ ಜಾವದಿಂದ ಭಾನುವಾರ ರಾತ್ರಿಯವರೆಗೆ, ನಾನೂ ನನ್ನ ಶ್ರೀಮತಿಯವರೂ ನಮ್ಮ ನಮ್ಮ ಹೊತ್ತು ಎಲ್ಲೆಲ್ಲಿ ಕಳೆಯಿತೆಂಬುದನ್ನು ಹಾಳೆಯ ಮೇಲೆ ಬರೆದಿಟ್ಟೆವು. ನಾನು ಸಾಂಖ್ಯಿಕ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಅವರು ಎಚ್.ಡಿ.ಕೋಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕಿಯಾಗಿದ್ದು, ನನಗಿಂತ ಎರಡು ವರ್ಷ ತಡವಾಗಿ ನಿವೃತ್ತರಾದರು. ನಮ್ಮ ಮನೆ ಮೈಸೂರಿನಲ್ಲಿದೆ. ಮಗಳು ಇದೇ ಊರಿನಲ್ಲಿ, ಮಗ ಅಮೆರಿಕದ ಡಲ್ಲಾಸ್‌ನಲ್ಲಿ, ತೊಂಬತ್ತೊಂದು ವರ್ಷದ ನನ್ನ ತಾಯಿ ನಂಜನಗೂಡಿನ ಹತ್ತಿರದ ಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಇದ್ದಾರೆ. ಇಲ್ಲಿ ಕುಳಿತಿರುವ ಬಹಳಷ್ಟು ಮಂದಿಯ ಸಂಸಾರದ ಚಿತ್ರವೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆಂದು ಬಲ್ಲೆ. ಆದ್ದರಿಂದಲೇ ಈ ಲೆಕ್ಕವನ್ನು ಹೇಳುವ ಧೈರ್ಯ ಮಾಡಿದ್ದೇನೆ.

ವಾರವನ್ನು ಆರಿಸಿದ ಬಗೆಯನ್ನು ಮೊದಲು ಹೇಳಬೇಕು. ನಮ್ಮ ಇಲಾಖೆಯಲ್ಲಿ ಬೆಳೆ ಕಟಾವು ಪ್ರಯೋಗ ಎಂಬುದೊಂದು ಕೆಲಸವಿದೆ. ಹೊಲದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ತುಂಡಿಗೆ ಗೂಟ ಹೊಡೆದು, ಹಗ್ಗ ಕಟ್ಟಿ, ಅದರೊಳಗಿನ ಬೆಳೆಯನ್ನು ಕೊಯ್ದು, ಬಡಿದು, ತೂಗಿ, ಅಂಥ ಎಷ್ಟೋ ತುಂಡುಗಳ ತೂಕದಿಂದ ಇಡೀ ಪ್ರದೇಶದ ಇಳುವರಿಯನ್ನು ಅಂದಾಜು ಮಾಡುತ್ತೇವೆ. ಆದರೆ ಆ ತುಂಡನ್ನು ನಮಗೆ ಇಷ್ಟ ಬಂದ ಕಡೆ ಆರಿಸುವಂತಿಲ್ಲ. ತೆನೆ ತುಂಬಿ ಬಾಗಿರುವ ಮೂಲೆಯನ್ನು ನೋಡಿ ಅಲ್ಲಿಯೇ ಗೂಟ ಹೊಡೆದರೆ ತಕ್ಕಡಿ ಸರಿಯಿದ್ದರೂ ಲೆಕ್ಕ ಸುಳ್ಳಾಗುತ್ತದೆ. ಹಾಗೆಯೇ ನಾವು ಚೆನ್ನಾಗಿ ನಡೆದುಕೊಂಡ ವಾರವನ್ನೇ ಆರಿಸಿಕೊಂಡುಬಿಡುವ ಅಪಾಯವಿದ್ದುದರಿಂದ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ವಾರಗಳನ್ನು ಚೀಟಿಗಳಲ್ಲಿ ಬರೆದು ಮೊಮ್ಮಗಳ ಕೈಯಿಂದ ಒಂದನ್ನು ಎತ್ತಿಸಿದೆವು. ಬಂದದ್ದು ನವೆಂಬರ್‌ನ ಎರಡನೆಯ ವಾರ.

ಹಾಳೆಯ ನಮೂನೆ ನನ್ನದಲ್ಲ. ನಮ್ಮ ದೇಶದಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಸಮಯ ಬಳಕೆ ಸಮೀಕ್ಷೆಯನ್ನು ನಡೆಸಿದೆ. ಅದರಲ್ಲಿ ದಿನ ಆರಂಭವಾಗುವುದು ಬೆಳಗಿನ ಜಾವ 4 ಗಂಟೆಗೆ, ಮುಗಿಯುವುದು ಮರುದಿನ 4 ಗಂಟೆಗೆ. ಆ ಇಪ್ಪತ್ತನಾಲ್ಕು ಗಂಟೆಗಳನ್ನು ಅರ್ಧ ಅರ್ಧ ಗಂಟೆಯ ನಲವತ್ತೆಂಟು ಮನೆಗಳಾಗಿ ಕತ್ತರಿಸಿ, ಒಂದೊಂದು ಮನೆಯಲ್ಲಿ ಏನು ನಡೆಯಿತೆಂಬುದನ್ನು ದಾಖಲಿಸುತ್ತಾರೆ. ಸಂಬಳದ ದುಡಿಮೆ, ಮನೆಬಳಕೆಗಾಗಿ ಮಾಡಿಕೊಳ್ಳುವ ಉತ್ಪಾದನೆ, ಸಂಬಳವಿಲ್ಲದ ಮನೆಗೆಲಸ, ಮನೆಯವರ ಆರೈಕೆ, ಸ್ವಯಂಸೇವೆ, ಕಲಿಕೆ, ಒಡನಾಟ ಮತ್ತು ದೇವರ ಕಾರ್ಯ, ಮನರಂಜನೆ, ಸ್ವಂತ ದೇಹದ ಪಾಲನೆ ಎಂದು ಚಟುವಟಿಕೆಗಳನ್ನು ಒಂಬತ್ತು ವಿಭಾಗಗಳಾಗಿ ಹಂಚುತ್ತಾರೆ. ಒಂದೇ ಅರ್ಧಗಂಟೆಯಲ್ಲಿ ಎರಡು ಮೂರು ಕೆಲಸ ನಡೆದಿದ್ದರೆ ಅವನ್ನೂ ಬರೆಯಬಹುದು, ಆದರೆ ಹತ್ತು ನಿಮಿಷಕ್ಕಿಂತ ಕಡಿಮೆಯದನ್ನು ಬರೆಯುವಂತಿಲ್ಲ. ಈ ಕೊನೆಯ ನಿಯಮವನ್ನು ನೆನಪಿನಲ್ಲಿಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಸೋಮವಾರ ನಮ್ಮ ಮನೆಯಲ್ಲಿ ಹೊರಗಿನ ಕೆಲಸಗಳ ದಿನ. ದೇವರಾಜ ಮಾರುಕಟ್ಟೆಯಿಂದ ತರಕಾರಿ, ಹೂವು, ವೀಳ್ಯದೆಲೆ, ಚೆಸ್ಕಾಂನ ಕರೆಂಟು ಬಿಲ್ಲು, ಕನ್ನಡಕದ ಅಂಗಡಿ, ಮಗಳ ಮನೆಯ ಮಿಕ್ಸಿಯ ರಿಪೇರಿ. ಇವೆಲ್ಲವನ್ನೂ ನಾನು ಮಾಡುತ್ತೇನೆ, ನನ್ನ ಹಾಳೆಯ ಆರು ಮನೆಗಳು ಇವುಗಳಿಂದ ತುಂಬಿದವು. ಶ್ರೀಮತಿಯವರ ಹಾಳೆಯ ಬಗ್ಗೆ ಆ ದಿನ ನನಗೆ ಕುತೂಹಲವೂ ಇರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಮಂಗಳವಾರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನವೆಂಬರ್ ಎಂದರೆ ಪಿಂಚಣಿದಾರರಿಗೆ, ತಾವು ಬದುಕಿದ್ದೇವೆಂದು ತೋರಿಸುವ ಜೀವಿತ ಪ್ರಮಾಣಪತ್ರವನ್ನು ಕೊಡುವ ತಿಂಗಳು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಭವಿಷ್ಯ ನಿಧಿಯ ಪಿಂಚಣಿಯವರು ವರ್ಷದ ಯಾವ ತಿಂಗಳಲ್ಲಿ ಕೊಟ್ಟರೂ ಅದು ಹನ್ನೆರಡು ತಿಂಗಳು ನಡೆಯುತ್ತದೆ. ಈ ಎರಡು ಸಂಗತಿಗಳು ತಿಳಿಯದೆ ಎಷ್ಟೋ ಹಿರಿಯರು ನವೆಂಬರ್‌ನ ಸರದಿಯಲ್ಲಿ ನಿಂತು ದಣಿಯುತ್ತಾರೆ. 2014ರ ನವೆಂಬರ್‌ನಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಬೆರಳಚ್ಚು ಕೊಟ್ಟು ಇದನ್ನು ಮುಗಿಸಬಹುದಾಯಿತು. ನಾವು ಮೂರು ನಾಲ್ಕು ಮಂದಿ ಗೆಳೆಯರು ನಮ್ಮ ಬಡಾವಣೆಯ ದೇವಸ್ಥಾನದ ಜಗಲಿಯಲ್ಲಿ ಬೆರಳಚ್ಚಿನ ಯಂತ್ರವನ್ನೂ ಫೋನನ್ನೂ ಇಟ್ಟುಕೊಂಡು ಕುಳಿತು, ಬಂದವರಿಗೆ ಈ ಕೆಲಸ ಮಾಡಿಕೊಡುತ್ತೇವೆ.

ಆ ಮಂಗಳವಾರ ಕುಟುಂಬ ಪಿಂಚಣಿ ಪಡೆಯುವ ಒಬ್ಬ ತಾಯಿ ಬಂದರು. ವಯಸ್ಸು ಎಪ್ಪತ್ತೆಂಟು. ಬಲಗೈ ಹೆಬ್ಬೆರಳು ಇಟ್ಟರು, ಯಂತ್ರ ಒಪ್ಪಲಿಲ್ಲ. ತೋರುಬೆರಳು, ನಡುಬೆರಳು, ಎಡಗೈಯ ಬೆರಳುಗಳು, ಯಾವುದನ್ನೂ ಒಪ್ಪಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ಸವರಿ ನೋಡಿದೆವು. ಅವರ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದಾಗ ಕಂಡದ್ದಿಷ್ಟು: ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬೂದಿ ಹಾಕಿ ಪಾತ್ರೆ ತಿಕ್ಕಿದ, ಕಲ್ಲಿನ ಮೇಲೆ ಬಟ್ಟೆ ಒಗೆದ, ಒರಳಿನಲ್ಲಿ ಹಿಟ್ಟು ರುಬ್ಬಿದ ಐವತ್ತು ಅರವತ್ತು ವರ್ಷಗಳು ಆ ಗೆರೆಗಳನ್ನು ಸವೆಸಿದ್ದವು. 2021ರಿಂದ ಮುಖವನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಸೌಲಭ್ಯವಿರುವುದರಿಂದ ಫೋನಿನ ಕ್ಯಾಮೆರಾದಲ್ಲಿ ಅವರ ಮುಖವನ್ನು ತೆಗೆದು ಕೆಲಸ ಮುಗಿಸಿದೆವು. ಗಂಡಸರಲ್ಲಿಯೂ ಬೆರಳಚ್ಚು ಸಿಗದವರಿದ್ದಾರೆ, ವಯಸ್ಸಾದಂತೆ ಚರ್ಮವೇ ತೆಳುವಾಗುತ್ತದೆ. ಆದರೆ ಅಂದು ಸಂಜೆ ನಾನು ಮನೆಗೆ ಬಂದು, ಸ್ವಯಂಸೇವೆ ಎಂಬ ವಿಭಾಗದಲ್ಲಿ ಐದು ಗಂಟೆ ಎಂದು ಸಂತೋಷದಿಂದ ಬರೆದುಕೊಳ್ಳುವಾಗ, ಶ್ರೀಮತಿಯವರು ಮೊಮ್ಮಗಳ ಪಕ್ಕದಲ್ಲಿ ಕುಳಿತು ಲೆಕ್ಕ ಹೇಳಿಕೊಡುತ್ತ ಅವರೆಕಾಳು ಬಿಡಿಸುತ್ತಿದ್ದರು. ಅವರ ಬೆರಳುಗಳ ಕಡೆಗೆ ನನ್ನ ದೃಷ್ಟಿ ಹೋಯಿತು. ಈ ವಾರದ ಲೆಕ್ಕವನ್ನು ನಾನು ಬೇರೆಯಾಗಿ ನೋಡಲು ತೊಡಗಿದ್ದು ಆ ಕ್ಷಣದಿಂದ.

ಬುಧವಾರ ನಾನು ತಾಯಿಯನ್ನು ನೋಡಲು ಹೋಗುತ್ತೇನೆ. ಆರು ವರ್ಷಗಳಿಂದ ತಪ್ಪಿಸಿಲ್ಲ. ತಾಯಿಯ ಆರೈಕೆಗೆ ವಾರದಲ್ಲಿ ಒಂದು ಇಡೀ ದಿನ ಕೊಡುತ್ತಿದ್ದೇನೆಂಬ ಭಾವನೆ ನನ್ನಲ್ಲಿ ಗಟ್ಟಿಯಾಗಿತ್ತು. ಹಾಳೆಯಲ್ಲಿ ಬರೆಯುವಾಗ ಮಾತ್ರ ಆ ದಿನ ಬೇರೆಯೇ ರೂಪ ತಾಳಿತು. ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಎರಡೂವರೆ ಗಂಟೆ. ತಮ್ಮನೊಡನೆ ಮಾತು, ಊಟ, ಊಟದ ನಂತರದ ನಿದ್ದೆ, ಗದ್ದೆಯ ಕಡೆ ಒಂದು ಸುತ್ತು. ತಾಯಿಯ ಉಗುರು ಕತ್ತರಿಸಿ, ಕಾಲಿಗೆ ಎಣ್ಣೆ ಹಚ್ಚಿ, ಅವರ ಪಕ್ಕದಲ್ಲಿ ಕುಳಿತು ಹಳೆಯ ಮಾತು ಕೇಳಿದ್ದು ಒಂದು ಗಂಟೆ ಹತ್ತು ನಿಮಿಷ. ನನ್ನ ಊಟವನ್ನು ಮಾಡಿದವಳು ತಮ್ಮನ ಹೆಂಡತಿ. ತಾಯಿಗೆ ಸ್ನಾನ ಮಾಡಿಸುವುದು, ರಾತ್ರಿ ಎರಡು ಬಾರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು, ಮೆತ್ತಗಿನ ಅನ್ನ ಕಲಸಿ ಉಣ್ಣಿಸುವುದು ಎಲ್ಲವೂ ಅವಳದೇ. ನಾನು ಹೋದ ದಿನ ಅವಳ ಕೆಲಸ ಕಡಿಮೆಯಾಗಲಿಲ್ಲ, ಒಂದು ಎಲೆ ಹೆಚ್ಚಾಯಿತು. ಮಾತಿಗೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ತೊಂಬತ್ತೊಂದರ ತಾಯಿಗೆ ಮಗನ ಮುಖವೇ ಔಷಧಿ. ಆದರೂ ಆರೈಕೆ ಎಂಬ ವಿಭಾಗದಲ್ಲಿ ಪೂರ್ತಿ ದಿನವನ್ನು ಬರೆಯುವಂತಿರಲಿಲ್ಲ.

ಗುರುವಾರ ನಾನು ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗಾಗಿ ಪಠ್ಯವನ್ನು ಓದಿ ಧ್ವನಿಮುದ್ರಿಸುತ್ತೇನೆ. ಮೊದಲು ಪರೀಕ್ಷೆಯಲ್ಲಿ ಅವರಿಗೆ ಬರೆದುಕೊಡುವ ಕೆಲಸಕ್ಕೆ ಹೋಗಬೇಕೆಂದಿದ್ದೆ. ಅದಕ್ಕೆ ನಿಯಮ ಅಡ್ಡಿಯಾಯಿತು. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಅಭ್ಯರ್ಥಿ ತಾನೇ ಕರೆತರುವ ಬರಹಗಾರರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕಡಿಮೆ ಇರಬೇಕಿತ್ತು. ನ್ಯಾಯವಾದ ನಿಯಮವೇ. ಅದೇ ಮಾರ್ಗಸೂಚಿಯಲ್ಲಿ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೊಡಬೇಕೆಂದೂ ಇದೆ. ನಿಮ್ಮ ನೆಂಟರಿಷ್ಟರಲ್ಲಿ ಅಂಥ ಮಕ್ಕಳಿದ್ದರೆ ಇದನ್ನು ತಿಳಿಸಿ. ಹೀಗೆ ಪದವೀಧರರಾದ ನಮ್ಮಂಥವರಿಗೆ ಉಳಿಯುವುದು ಓದುವ ಕೆಲಸ, ಮತ್ತು ಅದು ನಾನು ಎಣಿಸಿದ್ದಕ್ಕಿಂತ ಕಷ್ಟದ ಕೆಲಸ.

ಪಾಠವನ್ನು ಓದಬಹುದು, ನಕ್ಷೆಯನ್ನು ಓದುವುದು ಹೇಗೆ? ಆ ವಾರ ನನ್ನ ಮುಂದೆ ಇದ್ದದ್ದು ಕಾವೇರಿಯ ನಕ್ಷೆ. "ಚಿತ್ರದಲ್ಲಿ ತೋರಿಸಿರುವಂತೆ" ಎಂದು ಪುಸ್ತಕದಲ್ಲಿ ಬರೆದಿರುವುದನ್ನು ನಾನು ಓದಿದರೆ ಕೇಳುವ ಹುಡುಗಿಗೆ ಏನು ಸಿಗುತ್ತದೆ? ಬುಧವಾರ ರಾತ್ರಿ ಇದನ್ನು ಊಟಕ್ಕೆ ಕುಳಿತಾಗ ಹೇಳಿದೆ. ಶ್ರೀಮತಿಯವರು ಕೈತೊಳೆದು ಬಂದು ಒಂದು ರಟ್ಟನ್ನು ತೆಗೆದುಕೊಂಡರು. ಸೆಣಬಿನ ದಪ್ಪ ದಾರವನ್ನು ಗೋಂದಿನಿಂದ ಅಂಟಿಸಿ ತಲಕಾವೇರಿಯಿಂದ ನದಿಯನ್ನು ಹೊರಡಿಸಿದರು. ತೆಳು ದಾರದಲ್ಲಿ ಹೇಮಾವತಿಯನ್ನೂ ಲಕ್ಷ್ಮಣತೀರ್ಥವನ್ನೂ ತಂದು ಸೇರಿಸಿ, ಕೃಷ್ಣರಾಜಸಾಗರದ ಜಾಗದಲ್ಲಿ ಅಂಗಿಯ ಗುಂಡಿಯೊಂದನ್ನು ಹೊಲಿದರು. ಶ್ರೀರಂಗಪಟ್ಟಣದಲ್ಲಿ ದಾರವನ್ನು ಎರಡಾಗಿ ಸೀಳಿ ಮತ್ತೆ ಕೂಡಿಸಿದರು. ತಿರುಮಕೂಡಲಿನಲ್ಲಿ ಕಪಿಲೆ ಬಂದು ಸೇರಿದಳು, ಶಿವನಸಮುದ್ರದಲ್ಲಿ ದಾರಕ್ಕೆ ಒಂದು ಗಂಟು ಬಿತ್ತು. "ಈಗ ಕಣ್ಣು ಮುಚ್ಚಿ ಇದರ ಮೇಲೆ ಬೆರಳಾಡಿಸಿ, ಬೆರಳು ಹೋದ ಹಾಗೆ ಹೇಳಿ" ಎಂದರು. ಹಾಗೆಯೇ ಹೇಳಿ ಮುದ್ರಿಸಿದೆ. ರಟ್ಟನ್ನೂ ಕೊಟ್ಟು ಬಂದೆ. ನನ್ನ ಹಾಳೆಯಲ್ಲಿ ಗುರುವಾರ ಸ್ವಯಂಸೇವೆ ನಾಲ್ಕು ಗಂಟೆ ಎಂದಿದೆ. ಆ ರಟ್ಟಿಗೆ ಅವರು ವಿನಿಯೋಗಿಸಿದ ಒಂದು ಗಂಟೆಯನ್ನು ಅವರ ಹಾಳೆಯಲ್ಲಿ ಹುಡುಕಿದರೆ "ಇತರೆ" ಎಂದು ಬರೆದಿತ್ತು.

ಈಗ ಶುಕ್ರವಾರ. ಇದು ಅವರ ದಿನ. ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿ ಕಲಿ ಎಂಬ ಕಲಿಕಾ ಪದ್ಧತಿ ಆರಂಭವಾಗಿ, ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಎಳೆಯ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ಕಲಿಕಾ ಏಣಿಯ ಒಂದೊಂದು ಮೆಟ್ಟಿಲನ್ನು ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರ ತಟ್ಟೆಯಿಂದ ಹಿಡಿದು ಸ್ವಂತವಾಗಿ ಕಲಿಯಬಲ್ಲವರ ತಟ್ಟೆಯವರೆಗೆ, ತಟ್ಟೆಗಳೆಂದು ಕರೆಯುವ ಐದು ಗುಂಪುಗಳಲ್ಲಿ ಅವರು ಸರಿದಾಡುತ್ತಾರೆ. ಶ್ರೀಮತಿಯವರು ಆ ಪದ್ಧತಿಯಲ್ಲಿಯೇ ತಮ್ಮ ಸೇವೆಯ ಬಹುಭಾಗವನ್ನು ಕಳೆದವರು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳ ಜೊತೆ ವಾರಕ್ಕೊಂದು ದಿನ ಕುಳಿತುಕೊಳ್ಳುತ್ತೇನೆಂದು, ತಾವು ಹಿಂದೆ ಕೆಲಸ ಮಾಡಿದ ಶಾಲೆಯೊಂದರ ಮುಖ್ಯಶಿಕ್ಷಕರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ ಕೇಳಿ ಒಪ್ಪಿಗೆ ಪಡೆದಿದ್ದಾರೆ. ಬೆಳಿಗ್ಗೆ ಏಳೂಕಾಲಕ್ಕೆ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ; ಆ ಹಣವನ್ನು ಕೂಡಿಟ್ಟು ಮಕ್ಕಳಿಗೆ ಕಥೆಯ ಪುಸ್ತಕ ಒಯ್ಯುತ್ತಾರೆ.

ಆ ವಾರ ಅವರು ಹೋಗಲಿಲ್ಲ. ಗುರುವಾರ ರಾತ್ರಿ ಮೊಮ್ಮಗಳಿಗೆ ಜ್ವರ ಬಂತು. ಮಗಳಿಗೆ ಮರುದಿನ ಕಚೇರಿಯಲ್ಲಿ ತಪ್ಪಿಸಲಾಗದ ಕೆಲಸವಿತ್ತು. ಫೋನು ಬಂದದ್ದು ಅವಳ ತಾಯಿಗೆ. "ನಾನಿರುತ್ತೇನೆ, ಕರೆದುಕೊಂಡು ಬಾ" ಎಂದು ಅವರು ಉತ್ತರಿಸಿದರು, ಬಸ್ಸಿಗೆಂದು ತೆಗೆದಿಟ್ಟಿದ್ದ ಚೀಲವನ್ನು ಮತ್ತೆ ಕಪಾಟಿನೊಳಗೆ ಇಟ್ಟರು. ನನ್ನ ಶುಕ್ರವಾರದ ಹಾಳೆಯನ್ನು ನಾನು ನಿಮಗೆ ಓದಿ ಹೇಳುತ್ತೇನೆ. ಒಂಬತ್ತೂವರೆಯಿಂದ ಹತ್ತೂವರೆ, ಪತ್ರಿಕೆ. ಹತ್ತೂವರೆಯಿಂದ ಹನ್ನೊಂದೂವರೆ, ಪಾಸ್ ಬುಕ್ ನಮೂದು ಮತ್ತು ಕಾಗದಪತ್ರ. ಹನ್ನೊಂದೂವರೆಯಿಂದ ಹನ್ನೆರಡೂವರೆ, ಗೆಳೆಯರೊಡನೆ ಮಾತು. ನಾನು ಮನೆಯಲ್ಲಿಯೇ ಇದ್ದೆ. ಜ್ವರ ಬಂದ ಏಳು ವರ್ಷದ ಮಗುವಿನ ಪಕ್ಕದಲ್ಲಿ ಕೂರುವುದಕ್ಕೆ ನನಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಆ ಮಾತು ಮಗಳಿಗೂ ಹೊಳೆಯಲಿಲ್ಲ, ಅವಳ ತಾಯಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯಲೇ ಇಲ್ಲ. ಹಿಂದಿನ ದಿನ ಅದೇ ಜ್ವರ ಬಂದಿದ್ದರೆ ನನ್ನ ಧ್ವನಿಮುದ್ರಣ ನಿಲ್ಲುತ್ತಿರಲಿಲ್ಲವೆಂಬುದೂ ಖಂಡಿತ. ಮುಂದಿನ ವಾರ ಶಾಲೆಗೆ ಹೋದಾಗ, ಕಾರ್ಡು ಓದಿ ತೋರಿಸಬೇಕೆಂದು ಕಾದಿದ್ದ ಹುಡುಗನೊಬ್ಬ "ಬತ್ತೀನಿ ಅಂದಿದ್ರಲ್ಲ ಮಿಸ್" ಎಂದು ಕೇಳಿದನಂತೆ. ಅವರು ಇದನ್ನು ದೂರಾಗಿ ಹೇಳಲಿಲ್ಲ. ಬಸ್ಸಿಳಿದು ಬಂದು, ಚೀಲ ಕೆಳಗಿಡುತ್ತ, ಸುಮ್ಮನೆ ಹೇಳಿದರು.

ಶನಿವಾರ ಒಂದು ಗೃಹಪ್ರವೇಶ, ಮಧ್ಯಾಹ್ನದ ನಂತರ ಜಗಲಿಯಲ್ಲಿ ಮತ್ತೆ ಎರಡು ಗಂಟೆ ಪ್ರಮಾಣಪತ್ರದ ಕೆಲಸ. ಭಾನುವಾರ ಬೆಳಿಗ್ಗೆ ಏಳೂವರೆಗೆ, ಅಂದರೆ ಡಲ್ಲಾಸ್‌ನಲ್ಲಿ ಶನಿವಾರ ರಾತ್ರಿ ಎಂಟಕ್ಕೆ, ಮಗನ ಕರೆ. ಮಗಳ ಮನೆಯವರು ಊಟಕ್ಕೆ ಬಂದಿದ್ದರು. ಸಂಜೆ ಕಾರ್ತಿಕದ ದೀಪ.

ಭಾನುವಾರ ರಾತ್ರಿ ಹದಿನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಹರಡಿ ಕೂಡಿದೆ. ಮನೆಗೆಲಸ: ನನ್ನದು ದಿನಕ್ಕೆ ಸರಾಸರಿ 52 ನಿಮಿಷ, ಅವರದು 5 ಗಂಟೆ 10 ನಿಮಿಷ. ಸ್ವಯಂಸೇವೆ: ನನ್ನದು ವಾರಕ್ಕೆ 11 ಗಂಟೆ, ಅವರದು ಸೊನ್ನೆ. "ಇತರೆ" ಎಂದು ಬರೆದಿದ್ದ ರಟ್ಟಿನ ಕೆಲಸವನ್ನು ನಾನು ತಿದ್ದಿ ಒಂದು ಗಂಟೆ ಎಂದು ಮಾಡಿದೆ.

ಇಲ್ಲಿ ದೇಶದ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು, ಮತ್ತು ಅದನ್ನು ಎಚ್ಚರದಿಂದ ನೋಡಬೇಕು. 2019ರ ಸಮೀಕ್ಷೆಯಲ್ಲಿ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ವ್ಯಯಿಸಿದ್ದಾರೆ. 2024ರಲ್ಲಿ ಇವು 289 ಮತ್ತು 88. ಗಂಡಸರು ಒಂದೂವರೆ ಗಂಟೆ ಮನೆಗೆಲಸ ಮಾಡುತ್ತಾರಲ್ಲ, ಪರವಾಗಿಲ್ಲವೆಂದು ಯಾರಾದರೂ ಸಮಾಧಾನಪಟ್ಟರೆ ಅವರು ಸರಾಸರಿಯನ್ನು ಓದುವುದರಲ್ಲಿ ತಪ್ಪುತ್ತಿದ್ದಾರೆ. ಇದು ಆ ದಿನ ಮನೆಗೆಲಸಕ್ಕೆ ಕೈಹಾಕಿದವರ ಸರಾಸರಿ ಮಾತ್ರ. 2019ರಲ್ಲಿ ಹಾಗೆ ಕೈಹಾಕಿದ ಗಂಡಸರು ನೂರಕ್ಕೆ 26 ಮಂದಿ, ಹೆಂಗಸರು ನೂರಕ್ಕೆ 81 ಮಂದಿ. ಏನೂ ಮಾಡದವರನ್ನೂ ಸೇರಿಸಿ ಹಂಚಿದರೆ ಗಂಡಸಿನ ಪಾಲಿಗೆ 25 ನಿಮಿಷ, ಹೆಂಗಸಿನ ಪಾಲಿಗೆ 243 ನಿಮಿಷ ಬರುತ್ತದೆ. ದುಡಿಯುವ ವಯಸ್ಸಿನಲ್ಲಿ ಇದಕ್ಕೆ ಕಚೇರಿಯ ನೆಪವಿತ್ತು. ನನಗೆ ಅರವತ್ತು ತುಂಬಿ ಕಚೇರಿ ಬಿಟ್ಟಾಗ ಆ ನೆಪವೂ ಹೋಯಿತು, ಆದರೆ ನನ್ನ ಬಿಡುವೆಲ್ಲ ಹೊರಗಿನ ಸೇವೆಗೆ ಹೋಯಿತು. ಅವರು ನಿವೃತ್ತರಾದಾಗ ಶಾಲೆಯ ಹೊತ್ತು ಖಾಲಿಯಾಯಿತು, ಆ ಖಾಲಿಯನ್ನು ಮನೆ ತುಂಬಿಕೊಂಡಿತು.

ಹತ್ತು ನಿಮಿಷದ ನಿಯಮವನ್ನು ನೆನಪಿಡಿ ಎಂದಿದ್ದೆ. ಹಾಳೆಗಳನ್ನು ಕೂಡಿದ ಮೇಲೆ ಶ್ರೀಮತಿಯವರು ಹಾಳೆಯಲ್ಲಿ ಬಾರದ ತಮ್ಮ ಕೆಲಸಗಳನ್ನು ಹೇಳಲು ತೊಡಗಿದರು, ನಾನು ಬರೆದುಕೊಂಡೆ. ನೀರಿನ ಮೋಟಾರು ಹಾಕಿ ಆರಿಸುವುದು. ಹೆಪ್ಪು ಹಾಕುವುದು. ಅಕ್ಕಿ ಉದ್ದು ನೆನೆಹಾಕುವುದು. ನನ್ನ ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂತೇ ಎಂದು ನೋಡುವುದು. ಗ್ಯಾಸ್ ಬುಕ್ ಮಾಡಿಸುವುದು. ನನ್ನ ತಾಯಿಗೆ ಬುಧವಾರ ಏನು ಕಳಿಸಬೇಕೆಂದು ಮಂಗಳವಾರವೇ ತೆಗೆದಿಡುವುದು. ಗೃಹಪ್ರವೇಶಕ್ಕೆ ಏನು ಉಡುಗೊರೆ, ಅವರು ನಮಗೆ ಹಿಂದೆ ಏನು ಕೊಟ್ಟಿದ್ದರು ಎಂದು ನೆನೆಯುವುದು. ಒಂದೊಂದೂ ಎರಡು ನಿಮಿಷ, ಐದು ನಿಮಿಷ. ನಲವತ್ತೊಂದು ಕೆಲಸಗಳಾದ ಮೇಲೆ ನಾನು ಬರೆಯುವುದನ್ನು ನಿಲ್ಲಿಸಿದೆ. ದೇಶದ ಸಮೀಕ್ಷೆಯನ್ನು ನಾನು ದೂರುವುದಿಲ್ಲ, ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಆದರೆ ಈ ಸಣ್ಣ ಕೆಲಸಗಳ ತೂಕ ನಿಮಿಷದಲ್ಲಿಲ್ಲ. ಅವನ್ನು ನೆನಪಿಡುವವರು ಮನೆಯಿಂದ ಒಂದು ದಿನ ಹೊರಗೆ ಹೋಗಬೇಕಾದರೆ, ಅಷ್ಟನ್ನೂ ಇನ್ನೊಬ್ಬರ ತಲೆಗೆ ದಾಟಿಸಿಯೇ ಹೋಗಬೇಕು. ಅದಕ್ಕಿಂತ ಹೋಗದಿರುವುದೇ ಸುಲಭವೆಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ನಾವು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. "ಏನು ಮಾಡಲಿ ಹೇಳು" ಎಂದು ಕೇಳುವುದನ್ನು ನಾನು ಬಿಟ್ಟೆ, ಏಕೆಂದರೆ ಹಾಗೆ ಕೇಳಿದರೆ ನೆನಪಿಡುವ ಕೆಲಸ ಅವರಲ್ಲಿಯೇ ಉಳಿಯುತ್ತದೆ. ಬೆಳಗಿನ ತಿಂಡಿ ಪೂರ್ತಿಯಾಗಿ ನನ್ನದಾಯಿತು. ಉಪ್ಪಿಟ್ಟು, ಅವಲಕ್ಕಿ, ರೊಟ್ಟಿ ಬರುತ್ತವೆ, ದೋಸೆಯ ಹದ ಈಗಷ್ಟೇ ಕೈಗೆ ಹತ್ತುತ್ತಿದೆ. ಮಾತ್ರೆ, ಗ್ಯಾಸ್, ನೀರು, ನನ್ನ ಕಡೆಯ ನೆಂಟರ ಕಾರ್ಯಗಳ ಲೆಕ್ಕ ನನ್ನ ಪುಸ್ತಕಕ್ಕೆ ಬಂದವು. ಬುಧವಾರ ಹಳ್ಳಿಗೆ ಹೋದಾಗ ಅಡುಗೆಯ ಡಬ್ಬಿಯನ್ನು ನಾನೇ ಒಯ್ಯುತ್ತೇನೆ, ಅಂದು ತಮ್ಮನ ಹೆಂಡತಿ ಹತ್ತು ಗಂಟೆಗೆ ತವರಿಗೋ ಸಂತೆಗೋ ಹೊರಟು ಸಂಜೆ ನಾಲ್ಕಕ್ಕೆ ಬರುತ್ತಾಳೆ. ತಾಯಿಗೆ ಉಣ್ಣಿಸುವುದನ್ನು ನಾನು ಅವಳಿಂದ ಕಲಿತೆ. ಶುಕ್ರವಾರ ಮೊಮ್ಮಗಳ ವಿಷಯಕ್ಕೆ ಮಗಳು ಫೋನು ಮಾಡಬೇಕಾದದ್ದು ನನಗೆ ಎಂದು ನಾವಿಬ್ಬರೂ ಕೂಡಿ ಮಗಳಿಗೆ ಹೇಳಿದೆವು. ಜನವರಿಯಲ್ಲಿ ಮಗುವಿಗೆ ಮತ್ತೆ ಜ್ವರ ಬಂದ ಶುಕ್ರವಾರ ಏಳೂಕಾಲರ ಬಸ್ಸು ತಪ್ಪಲಿಲ್ಲ. ಹಾಗೆಂದು ಲೆಕ್ಕ ಸಮವಾಯಿತೆಂದು ಹೇಳಿದರೆ ತಪ್ಪಾಗುತ್ತದೆ: ಫೆಬ್ರುವರಿಯಲ್ಲಿ ಮತ್ತೆ ಚೀಟಿ ಎತ್ತಿಸಿ ಒಂದು ವಾರ ಬರೆದಾಗ ನನ್ನ ಮನೆಗೆಲಸ ದಿನಕ್ಕೆ 2 ಗಂಟೆ 40 ನಿಮಿಷಕ್ಕೆ ಬಂದಿತ್ತು, ಅವರದು 3 ಗಂಟೆ 35 ನಿಮಿಷಕ್ಕೆ ಇಳಿದಿತ್ತು. ನನ್ನ ಸ್ವಯಂಸೇವೆ 7 ಗಂಟೆ, ಅವರದು 8.

ನಿಮ್ಮಲ್ಲಿ ಯಾರಿಗಾದರೂ ಬರೆದು ನೋಡುವ ಮನಸ್ಸಿದ್ದರೆ ಮೂರು ಮಾತುಗಳನ್ನು ಹೇಳಿಬಿಡುತ್ತೇನೆ. ಒಬ್ಬರ ಹಾಳೆಯನ್ನು ಇನ್ನೊಬ್ಬರು ತುಂಬಬಾರದು. "ನಿನ್ನದನ್ನೂ ನಾನೇ ಬರೆಯುತ್ತೇನೆ" ಎಂದು ನಾನೂ ಮೊದಲ ದಿನ ಹೊರಟಿದ್ದೆ, ಅವರು ಪೆನ್ನು ತೆಗೆದುಕೊಂಡದ್ದು ಒಳ್ಳೆಯದಾಯಿತು. ರಾತ್ರಿ ಒಟ್ಟಿಗೆ ಬರೆಯಲು ಕುಳಿತರೆ ಮರೆತುಹೋಗುತ್ತದೆ, ಆದ್ದರಿಂದ ಮಧ್ಯಾಹ್ನ ಊಟದ ನಂತರ ಒಮ್ಮೆ, ಮಲಗುವ ಮುನ್ನ ಒಮ್ಮೆ ಬರೆಯಿರಿ. ಹತ್ತು ನಿಮಿಷಕ್ಕೆ ಕಡಿಮೆಯಾದದ್ದಕ್ಕೆ ಹಾಳೆಯ ಹಿಂಬದಿಯಲ್ಲಿ ಜಾಗ ಬಿಡಿಸಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲೆ ಹಾಳೆಗಳನ್ನು ಕಟ್ಟುಕಟ್ಟಾಗಿ ಇಟ್ಟಿದೆ. ಒಂದು ಕಟ್ಟಿನಲ್ಲಿ ಹದಿನಾಲ್ಕು ಇವೆ, ಮನೆಗೆ ಒಂದು ಕಟ್ಟಿನಂತೆ ತೆಗೆದುಕೊಂಡು ಹೋಗಿ.